ಸುಂಜಾತ: ನಾಲಿಗೆಯ ಮೇಲೆ ಉಳಿದ ಅರಸ

ಸುಂಜಾತ ಕೆಯ್ತಾ ಎಂಬ ಅರಸನ ಹೆಸರನ್ನು ನಾನು ಮೊದಲು ನೋಡಿದ್ದು ಹಾಡುಗಳ ಪಟ್ಟಿಯಲ್ಲಿ. ಪಶ್ಚಿಮ ಆಫ್ರಿಕದ ಸಾಂಪ್ರದಾಯಿಕ ಸಂಗೀತದ ಸಂಕಲನಗಳನ್ನು ಒಂದಾದ ಮೇಲೊಂದು ಕೇಳುತ್ತಿದ್ದಾಗ ಒಂದು ವಿಷಯ ಗಮನ ಸೆಳೆಯಿತು. ಒಂದು ಸಂಕಲನ ಮಾಲಿ ದೇಶದ್ದು, ಇನ್ನೊಂದು ಗಿನಿಯದು, ಮತ್ತೊಂದು ಗ್ಯಾಂಬಿಯಾದ್ದು. ಹಾಡುವವರು ಬೇರೆ, ವಾದ್ಯ ಬೇರೆ, ಧ್ವನಿಮುದ್ರಣದ ವರ್ಷವೂ ಬೇರೆ. ಆದರೆ ಸುಂಜಾತನ ಹೆಸರಿನ ಹಾಡು ಮತ್ತೆ ಮತ್ತೆ ಸಿಗುತ್ತಿತ್ತು. ಕಲಾವಿದರ ಹೆಸರು ನೋಡಿದರೆ ಅಲ್ಲಿಯೂ ಅವೇ ಮನೆತನಗಳು: ಕುಯಾತೆ, ದಿಯಾಬಾತೆ, ಸಿಸ್ಸೊಕೊ. ಯಾರು ಈ ಅರಸ? ಅವನನ್ನು ಹಾಡುವ ಕೆಲಸ ಈ ಕೆಲವೇ ಮನೆತನಗಳಿಗೆ ಹೇಗೆ ಬಂತು? ಇವೆರಡು ಬೇರೆ ಬೇರೆ ಪ್ರಶ್ನೆಗಳಲ್ಲ ಎಂಬುದು ಓದುತ್ತಾ ಹೋದಂತೆ ತಿಳಿಯಿತು.

ಮೊದಲು ಸಂಗೀತದ ಬಗ್ಗೆ ಎರಡು ಮಾತು. ಮಾಲಿ ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು 1960ರಲ್ಲಿ. ಹತ್ತು ವರ್ಷಗಳ ಬಳಿಕ ಆ ದೇಶದ ಸಂಗೀತದ ಮೊದಲ ಸಂಕಲನ ಮಾಲೆ ಗ್ರಾಮಫೋನ್ ತಟ್ಟೆಗಳಲ್ಲಿ ಹೊರಬಂತು. ಅದರ ಒಂದು ತಟ್ಟೆಯ ಹೆಸರು ಪ್ರಾಚೀನ ತಂತಿಗಳು ಎಂದು. ಅದರಲ್ಲಿ ಕೋರಾ ಎಂಬ ವಾದ್ಯದ್ದೇ ದರ್ಬಾರು. ದೊಡ್ಡ ಸೋರೆಬುರುಡೆಯ ಅರ್ಧ ಭಾಗಕ್ಕೆ ಹಸುವಿನ ಚರ್ಮ ಬಿಗಿದು, ಉದ್ದನೆಯ ಕೋಲು ತೂರಿಸಿ, 21 ತಂತಿ ಕಟ್ಟಿದರೆ ಕೋರಾ ಆಗುತ್ತದೆ. ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಅದನ್ನು ಮೀಟುತ್ತಾರೆ. ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ. ಆ ತಟ್ಟೆಗೆ ಕೋರಾ ನುಡಿಸಿದವರಲ್ಲಿ ಸಿದಿಕಿ ದಿಯಾಬಾತೆ ಮತ್ತು ಜೆಲಿಮದಿ ಸಿಸ್ಸೊಕೊ ಇದ್ದರು. ಅವರ ಮಕ್ಕಳಾದ ತುಮಾನಿ ದಿಯಾಬಾತೆ ಮತ್ತು ಬಲ್ಲಾಕೆ ಸಿಸ್ಸೊಕೊ 1999ರಲ್ಲಿ ಹೊಸ ಪ್ರಾಚೀನ ತಂತಿಗಳು ಎಂಬ ಹೆಸರಿನ ಆಲ್ಬಂ ತಂದರು. ತಂದೆಯರ ಸ್ವರಗಳನ್ನು ಮಕ್ಕಳು ಮತ್ತೆ ನುಡಿಸಿದ್ದರು.

ಇವರೆಲ್ಲ ಗ್ರಿಯೊಗಳು. ಇದು ಫ್ರೆಂಚರ ಮೂಲಕ ಹೊರಜಗತ್ತಿಗೆ ಬಂದ ಪದ. ಮಾಂಡಿಂಗ್ ಜನರ ಮಾತಿನಲ್ಲಿ ಅವರನ್ನು ಜೆಲಿ ಎನ್ನುತ್ತಾರೆ. ಹುಟ್ಟಿನಿಂದ ಬರುವ ವೃತ್ತಿ ಇದು. ಮನೆತನಗಳ ವಂಶಾವಳಿ ಹೇಳುವುದು, ಮದುವೆಯಲ್ಲೂ ಮಗುವಿಗೆ ಹೆಸರಿಡುವಾಗಲೂ ಹಾಡುವುದು, ಜಗಳವಾದ ಮನೆಗಳ ನಡುವೆ ರಾಜಿ ಮಾಡಿಸುವುದು, ಅರಸನ ಮಾತನ್ನು ಜನರಿಗೆ ಮುಟ್ಟಿಸುವುದು ಎಲ್ಲವೂ ಅವರ ಕೆಲಸವೇ. ಊರೂರು ತಿರುಗಿ ಒಕ್ಕಲು ಮನೆಗಳ ಹಿರಿಯರ ಹೆಸರು ಹೇಳುವ ನಮ್ಮ ಹೆಳವರನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಜೆಲಿಗಳು ತಮ್ಮ ವೃತ್ತಿಯ ಮೂಲವನ್ನು ಸುರಾಖ ಇಬ್ನ್ ಮಾಲಿಕ್ ಅವರಿಗೆ ಜೋಡಿಸುತ್ತಾರೆ. ಹಿಜ್‌ರಾದ ದಾರಿಯಲ್ಲಿ ಬಹುಮಾನದ ಆಸೆಯಿಂದ ಪ್ರವಾದಿ ಮುಹಮ್ಮದ್ (ಸ)ರನ್ನು ಬೆನ್ನಟ್ಟಿ, ಕುದುರೆಯ ಕಾಲು ಮರಳಿನಲ್ಲಿ ಹೂತುಹೋದಾಗ ಮನಸ್ಸು ಬದಲಿಸಿದ ಸುರಾಖರ ಪ್ರಸಂಗ ನಮಗೆಲ್ಲ ಗೊತ್ತು. ಅವರೇ ಮೊದಲ ಜೆಲಿ ಎಂಬುದು ಇವರ ನಂಬಿಕೆ. ಅರಸ ಮನೆತನವಾದ ಕೆಯ್ತಾಗಳೂ ಹಝ್ರತ್ ಬಿಲಾಲ್ (ರ)ರನ್ನು ತಮ್ಮ ಮೂಲ ಪುರುಷನೆಂದು ಹೇಳಿಕೊಳ್ಳುತ್ತಾರೆ. ಇತಿಹಾಸಕಾರರು ಇದನ್ನು ಇಸ್ಲಾಮ್ ಬಂದ ಮೇಲೆ ಬೆಸೆದುಕೊಂಡ ಸಂಬಂಧ ಎನ್ನುತ್ತಾರೆ. ಹಾಗಿದ್ದರೂ ಒಂದು ಜನಾಂಗ ತನ್ನ ಹಿರಿಯನನ್ನಾಗಿ ಬಿಲಾಲ್ (ರ)ರನ್ನು ಆರಿಸಿಕೊಂಡಿತು ಎಂಬುದು ಸಣ್ಣ ಮಾತಲ್ಲ.

ಇನ್ನು ಸುಂಜಾತನ ಬದುಕು. ಗಿನಿಯ ಇತಿಹಾಸಕಾರ ಜಿಬ್ರಿಲ್ ತಮ್ಸಿರ್ ನಿಯಾನೆ ಅವರು ಮಮದು ಕುಯಾತೆ ಎಂಬ ಜೆಲಿಯಿಂದ ಕೇಳಿ 1960ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಕಥನವೇ ಹೆಚ್ಚು ಪ್ರಸಿದ್ಧ. ನಾನು ಇಲ್ಲಿ ಹೇಳುವುದು ಮುಖ್ಯವಾಗಿ ಅದನ್ನೇ.

13ನೇ ಶತಮಾನದ ಆರಂಭದಲ್ಲಿ ಮಾಲಿ ಒಂದು ಪುಟ್ಟ ರಾಜ್ಯ. ಅದರ ದೊರೆ ನಾರೆ ಮಘನ್. ಗೂನು ಬೆನ್ನಿನ, ಕುರೂಪಿಯಾದ ಸೊಗೊಲೊನ್ ಎಂಬವಳನ್ನು ಮದುವೆಯಾದರೆ ಲೋಕ ಮೆಚ್ಚುವ ಮಗ ಹುಟ್ಟುತ್ತಾನೆ ಎಂದು ಬೇಟೆಗಾರನೊಬ್ಬ ಭವಿಷ್ಯ ಹೇಳಿದ. ದೊರೆ ಒಪ್ಪಿ ಮದುವೆಯಾದ. ಮಗನೂ ಹುಟ್ಟಿದ. ಆದರೆ ಆ ಮಗು ಏಳು ವರ್ಷವಾದರೂ ಎದ್ದು ನಡೆಯಲಿಲ್ಲ. ಹಿರಿಯ ರಾಣಿ ಸಸ್ಸುಮಾ ಆಡಿಕೊಂಡು ನಕ್ಕಳು, ಊರೂ ನಕ್ಕಿತು. ದೊರೆ ಮಾತ್ರ ಸಾಯುವ ಮೊದಲು ತೆವಳುವ ಆ ಮಗನನ್ನು ಬಳಿಗೆ ಕರೆದು ಒಂದು ಉಡುಗೊರೆ ಕೊಟ್ಟ. ಅದು ಚಿನ್ನವಲ್ಲ, ಕುದುರೆಯೂ ಅಲ್ಲ. ತನ್ನ ಜೆಲಿಯ ಮಗನಾದ ಬಲ್ಲಾ ಫಸ್ಸೆಕೆಯನ್ನು ಅವನ ಜೆಲಿಯಾಗಿ ಒಪ್ಪಿಸಿದ. ನಮ್ಮ ಹಿರಿಯರ ಕಥೆಯನ್ನೂ ಅರಸನಾದವನು ನಡೆಯಬೇಕಾದ ರೀತಿಯನ್ನೂ ಇವನಿಂದ ಕಲಿ ಎಂಬುದು ಅದರ ಅರ್ಥ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ಕೋಟೆಗಿಂತ, ಸೇನೆಗಿಂತ ಮೊದಲು ಆ ಹುಡುಗನಿಗೆ ಸಿಕ್ಕಿದ್ದು ಒಬ್ಬ ಗುರು.

ಒಂದು ದಿನ ಸೊಗೊಲೊನ್ ಅಡುಗೆಗೆ ಬಾವೊಬಾಬ್ ಮರದ ಎಲೆ ಕೇಳಲು ಸಸ್ಸುಮಾಳ ಮನೆಗೆ ಹೋದಳು. ಬಾವೊಬಾಬ್ ಎಂದರೆ ನಮ್ಮ ದೊಡ್ಡಹುಣಸೆ. ಅಲ್ಲಿನ ಮನೆಗಳಲ್ಲಿ ಅದರ ಎಲೆಯನ್ನು ಸಾರಿಗೆ ಹಾಕುತ್ತಾರೆ. ನನ್ನ ಮಗ ಏಳು ವರ್ಷಕ್ಕೇ ಎಲೆ ಕಿತ್ತು ತರುತ್ತಿದ್ದ, ನಿನ್ನವನಿಗೆ ಅದೂ ಆಗದು ಎಂದು ಸಸ್ಸುಮಾ ಹಂಗಿಸಿದಳು. ಅಳುತ್ತಾ ಬಂದ ತಾಯಿಯನ್ನು ನೋಡಿ ಮಗ ಒಂದು ಕಬ್ಬಿಣದ ಗಳ ತರಿಸಲು ಹೇಳಿದ. ಕಮ್ಮಾರ ತಂದ ಗಳವನ್ನು ಊರಿಕೊಂಡು ಎದ್ದು ನಿಂತ. ಅವನ ಭಾರಕ್ಕೆ ಗಳ ಬಿಲ್ಲಿನಂತೆ ಬಾಗಿತು. ಆಮೇಲೆ ಹೋಗಿ ಮರವನ್ನೇ ಬುಡಸಹಿತ ಕಿತ್ತು ತಂದು ತಾಯಿಯ ಬಾಗಿಲಲ್ಲಿ ನೆಟ್ಟ. ಅಂದಿನಿಂದ ಊರಿನ ಹೆಂಗಸರು ಎಲೆಗಾಗಿ ಸೊಗೊಲೊನ್‌ಳ ಮನೆಗೇ ಬರಬೇಕಾಯಿತು. ಮರ ಕಿತ್ತದ್ದು ಕಥೆಯ ಅತಿಶಯವೇ ಇರಬಹುದು. ಆದರೆ ಅಂಗವೈಕಲ್ಯವಿದ್ದ ಮಗುವಿನ ತಾಯಿ ನೆರೆಮನೆಯಲ್ಲಿ ಕೇಳಿಸಿಕೊಂಡ ಮಾತಿನಲ್ಲಿ ಅತಿಶಯವೇನೂ ಇಲ್ಲ.

ನಡೆಯಲು ಕಲಿತವನು ಅಪಾಯಕ್ಕೂ ಗುರಿಯಾದ. ಸಸ್ಸುಮಾಳ ಮಗ ದಂಕರನ್ ತುಮಾನ್ ಪಟ್ಟದಲ್ಲಿದ್ದ. ಅವನು ಬಲ್ಲಾ ಫಸ್ಸೆಕೆಯನ್ನು ರಾಯಭಾರಿಯೆಂದು ಸೊಸ್ಸೊ ರಾಜ್ಯಕ್ಕೆ ಕಳಿಸಿ, ಸುಂಜಾತನಿಂದ ಅವನ ಜೆಲಿಯನ್ನು ಕಿತ್ತುಕೊಂಡ. ತಾಯಿ ಮಕ್ಕಳು ಊರು ಬಿಟ್ಟರು. ವರ್ಷಗಟ್ಟಲೆ ಒಂದು ಆಸ್ಥಾನದಿಂದ ಇನ್ನೊಂದಕ್ಕೆ ಅಲೆದು ಕೊನೆಗೆ ಮೇಮಾ ಎಂಬ ರಾಜ್ಯದಲ್ಲಿ ನೆಲೆ ನಿಂತರು. ಅಲ್ಲಿಯೇ ಸೊಗೊಲೊನ್ ತೀರಿಕೊಂಡಳು. ಸುಂಜಾತ ತನ್ನನ್ನು ಬಿಟ್ಟು ಹೋಗುತ್ತಾನೆಂಬ ಸಿಟ್ಟಿಗೆ ಮೇಮಾದ ದೊರೆ ಆಕೆಯನ್ನು ದಫನ ಮಾಡುವ ನೆಲಕ್ಕೂ ಬೆಲೆ ಕೇಳಿದ. ಸುಂಜಾತ ಒಂದು ಬುಟ್ಟಿ ಕಳಿಸಿದ. ಅದರಲ್ಲಿದ್ದದ್ದು ಒಡೆದ ಮಡಕೆಯ ಚೂರು, ಹಕ್ಕಿಗಳ ಗರಿ, ಒಂದಿಷ್ಟು ಒಣಹುಲ್ಲು. ಆಸ್ಥಾನದ ಅರಬ್ ಹಿರಿಯರೊಬ್ಬರು ಅದರ ಅರ್ಥ ಬಿಡಿಸಿ ಹೇಳಿದರು. ನೆಲ ಕೊಡದಿದ್ದರೆ ಈ ಊರು ಒಡೆದ ಮಡಕೆಯಾಗುತ್ತದೆ, ಹಕ್ಕಿಗಳ ಪಾಲಾಗುತ್ತದೆ. ದೊರೆ ನೆಲ ಕೊಟ್ಟ.

ಅತ್ತ ಸೊಸ್ಸೊದ ಅರಸ ಸುಮವೊರೊ ಕಾಂತೆ ಮಾಲಿಯನ್ನು ಹಾಳುಗೆಡವಿದ್ದ. ಅವನ ಗುಪ್ತ ಕೋಣೆಯಲ್ಲಿ ಒಂದು ದೊಡ್ಡ ಬಲಫೋನ್ ಇತ್ತು. ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆ ಕಟ್ಟಿ ಕೋಲಿನಿಂದ ಬಾರಿಸುವ ವಾದ್ಯ ಅದು. ಅವನ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಸೆರೆಯಲ್ಲಿದ್ದ ಬಲ್ಲಾ ಫಸ್ಸೆಕೆ ಅದನ್ನು ಕಂಡು ತಡೆಯಲಾರದೆ ಬಾರಿಸಿದ. ದೂರದಲ್ಲಿದ್ದರೂ ಸುಮವೊರೊನಿಗೆ ತಿಳಿಯಿತು. ಕತ್ತಿ ಹಿರಿದು ಧಾವಿಸಿ ಬಂದ. ಬಲ್ಲಾ ನಿಂತ ನಿಲುವಿನಲ್ಲೇ ಅವನನ್ನು ಹೊಗಳುವ ಹಾಡು ಕಟ್ಟಿ ಹಾಡಿದ. ಅರಸನ ಕತ್ತಿ ಇಳಿಯಿತು. ಇನ್ನು ನೀನು ನನ್ನ ಜೆಲಿ ಎಂದು ಅಲ್ಲಿಯೇ ಉಳಿಸಿಕೊಂಡ. ಸುಂಜಾತನ ಪಾಲಿಗೆ ಇದು ಯುದ್ಧಕ್ಕೆ ಸಾಕಾದ ಕಾರಣ. ಊರು ಕಳೆದುಕೊಂಡವನು ಮತ್ತೆ ಊರು ಕಟ್ಟಬಲ್ಲ. ಹಿರಿಯರ ಕಥೆ ಬಲ್ಲವನೇ ಶತ್ರುವಿನ ಬಳಿ ಇದ್ದರೆ ತಾನು ಯಾರೆಂದು ಹೇಳುವವರು ಯಾರು?

ಬಲ್ಲಾ ಫಸ್ಸೆಕೆ ಮತ್ತು ಸುಂಜಾತನ ಮಲಸಹೋದರಿ ನಾನಾ ತ್ರಿಬಾನ್ ಸೊಸ್ಸೊದಿಂದ ತಪ್ಪಿಸಿಕೊಂಡು ಬಂದರು. ಸುಮವೊರೊನ ಮರ್ಮವನ್ನೂ ತಂದರು. ಕಬ್ಬಿಣ ಅವನನ್ನು ಗಾಯಗೊಳಿಸದು, ಬಿಳಿ ಹುಂಜದ ಕಾಲಿನ ಮುಳ್ಳು ತಾಗಿದರೆ ಅವನ ಬಲ ಹೋಗುತ್ತದೆ. ಸುಮಾರು 1235ರಲ್ಲಿ ಕಿರಿನಾದ ಬಯಲಿನಲ್ಲಿ ಅಂಥ ಬಾಣ ಅವನ ಭುಜ ಸವರಿತು. ಸುಮವೊರೊ ಓಡಿ ಬೆಟ್ಟದ ಗುಹೆಯಲ್ಲಿ ಮರೆಯಾದ ಎನ್ನುತ್ತಾರೆ.

ಗೆದ್ದ ಮೇಲೆ ಸುಂಜಾತ ಮಾಡಿದ ಕೆಲಸ ಯುದ್ಧಕ್ಕಿಂತ ದೊಡ್ಡದು. ಕುರುಕನ್ ಫುಗಾ ಎಂಬ ಬಯಲಿನಲ್ಲಿ ಎಲ್ಲ ಮನೆತನಗಳ ಮುಖ್ಯಸ್ಥರನ್ನು ಸೇರಿಸಿ ಯಾರ ಹಕ್ಕು ಏನು, ಯಾರ ಹೊಣೆ ಏನು ಎಂದು ಗೊತ್ತುಪಡಿಸಿದ. ಕೆಲವು ಮನೆತನಗಳು ಪರಸ್ಪರ ಗೇಲಿ ಮಾಡಬಹುದು, ಅದಕ್ಕೆ ಸಿಟ್ಟಾಗಬಾರದು ಎಂಬ ಕಟ್ಟಳೆಯೂ ಅಂದಿನದೇ ಎನ್ನುತ್ತಾರೆ. ಜಗಳ ಹೊತ್ತಿಕೊಳ್ಳುವ ಮೊದಲೇ ನಗೆಯಲ್ಲಿ ಆರಿಸುವ ಆ ಪದ್ಧತಿ ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ಇದೆ. ಕುಯಾತೆಗಳು ಕೆಯ್ತಾಗಳ ಜೆಲಿಗಳಾದರು. ಬಲ್ಲಾ ಫಸ್ಸೆಕೆ ಆ ಮನೆತನದ ಮೂಲ ಪುರುಷ. ಮಾಂಡೆನ್ ಸನ್ನದು ಎಂದು ಹೆಸರಾದ ಈ ಕಟ್ಟಳೆಗಳನ್ನು ಯುನೆಸ್ಕೊ 2009ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಂಜಾತ ತೀರಿಕೊಂಡದ್ದು ಸುಮಾರು 1255ರಲ್ಲಿ. ಸಂಕರಾನಿ ನದಿಯಲ್ಲಿ ಮುಳುಗಿದ ಎಂದು ಕೆಲವರು, ಉತ್ಸವವೊಂದರಲ್ಲಿ ಬಾಣ ತಗುಲಿತು ಎಂದು ಇನ್ನು ಕೆಲವರು ಹೇಳುತ್ತಾರೆ. 1324ರಲ್ಲಿ ಹಜ್ ಯಾತ್ರೆಗೆ ಹೊರಟು ಕೈರೋದಲ್ಲಿ ಚಿನ್ನ ಹಂಚಿದ ಮನ್ಸಾ ಮೂಸಾ ಇದೇ ವಂಶದವನು.

ಇದನ್ನೆಲ್ಲ ಎಷ್ಟರಮಟ್ಟಿಗೆ ನಂಬುವುದು? ಇತಿಹಾಸದ ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಲೇಬೇಕು. ಹಾಫಿಝ್ ಒಬ್ಬರ ಎದೆಯಲ್ಲಿ ಕುರ್‌ಆನ್ ಒಂದಕ್ಷರವೂ ಬದಲಾಗದೆ ಇರುತ್ತದೆ. ಜೆಲಿಯ ಕಥೆ ಹಾಗಲ್ಲ. ಹೇಳುವವರ ಊರು, ಕೇಳುವವರ ಮನೆತನ ನೋಡಿಕೊಂಡು ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಜೆಲಿ ಕಥೆ ಶುರುಮಾಡುವ ಮೊದಲು ಇದನ್ನು ತಾನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಹೇಳುತ್ತಾನೆ. ಹದೀಸ್‌ನ ಸನದ್ ಬಲ್ಲ ನಮಗೆ ಇದು ಅಪರಿಚಿತವಲ್ಲ. 14ನೇ ಶತಮಾನದ ಮಹಾ ಇತಿಹಾಸಕಾರ ಇಬ್ನ್ ಖಲ್ದೂನ್, ಮಾರಿ ಜಾತಾ ಎಂಬ ಹೆಸರಿನಲ್ಲಿ ಸುಂಜಾತನನ್ನು ದಾಖಲಿಸಿ, ಅವನು ಸೊಸ್ಸೊವನ್ನು ಗೆದ್ದು 25 ವರ್ಷ ಆಳಿದ ಎಂದು ಬರೆದಿದ್ದಾರೆ. ಈ ವಂಶದ ಬಗ್ಗೆ ಅವರಿಗೆ ತಿಳಿಸಿದವರಲ್ಲಿ ಹಜ್‌ಗೆಂದು ಬಂದು ಈಜಿಪ್ಟಿನಲ್ಲಿ ಭೇಟಿಯಾದ ಶೈಖ್ ಉಸ್ಮಾನ್ ಎಂಬ ವಿದ್ವಾಂಸರೂ ಒಬ್ಬರು. ಬರೆದಿಟ್ಟ ಆ ಇತಿಹಾಸದ ಹಿಂದೆಯೂ ಬಾಯಿಮಾತೇ ಇತ್ತು.

ಕಣ್ಣಾರೆ ಕಂಡವರೂ ಇದ್ದಾರೆ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುವೆಂದು ಹೇಳಿದ ಇಬ್ನ್ ಬತೂತಾ, 1352ರಲ್ಲಿ ಮಾಲಿಗೆ ಹೋದರು. ಆಸ್ಥಾನದ ದೂಗಾ ಎಂಬಾತ ಈದ್ ದಿನ ಸೋರೆಬುರುಡೆ ಕಟ್ಟಿದ ವಾದ್ಯ ಬಾರಿಸುತ್ತಾ ಸುಲ್ತಾನನನ್ನು ಹಾಡಿ ಹೊಗಳಿದ್ದನ್ನೂ, ಹಕ್ಕಿಯ ಗರಿಗಳ ವೇಷ ತೊಟ್ಟ ಕವಿಗಳು ಹಿಂದಿನ ಅರಸರ ಒಳ್ಳೆಯ ಕೆಲಸಗಳನ್ನು ನೆನಪಿಸಿ ನೀನೂ ಹಾಗೆ ನಡೆ ಎಂದು ಬುದ್ಧಿ ಹೇಳಿದ್ದನ್ನೂ ಅವರು ಕಂಡರು. ಆ ವೇಷ ಅವರಿಗೆ ನಗು ತರಿಸಿತು. ಆದರೂ ದಾಖಲಿಸಿದರು. ಸುಂಜಾತ ತೀರಿಕೊಂಡು ನೂರು ವರ್ಷಗಳಾಗಿದ್ದರೂ ಜೆಲಿ ಸಿಂಹಾಸನದ ಎದುರೇ ಇದ್ದ ಎಂಬುದಕ್ಕೆ ಇದೇ ಸಾಕ್ಷಿ.

ಸಂಕಲನದಲ್ಲಿ ನಾವು ಕೇಳುವುದು ರಾತ್ರಿಯಿಡೀ ಹೇಳುವ ಕಥೆಯ ಐದಾರು ನಿಮಿಷ ಮಾತ್ರ. ಭಾಷೆ ಗೊತ್ತಿಲ್ಲದವರಿಗೆ ಅದರಲ್ಲೂ ಸ್ವರ ಮಾತ್ರ ದಕ್ಕುತ್ತದೆ. ಆದರೆ ಕಥೆ ತಿಳಿದ ಮೇಲೆ ಅದೇ ಹಾಡು ಬೇರೆಯಾಗಿ ಕೇಳುತ್ತದೆ. ಬಲಫೋನ್ ನುಡಿದರೆ ಕತ್ತಿಯ ಎದುರು ನಿಂತ ಬಲ್ಲಾ ನೆನಪಾಗುತ್ತಾನೆ. 1970ರಲ್ಲಿ ಬಮಾಕೊದ ರೈಲು ನಿಲ್ದಾಣದ ಹೋಟೆಲಿನಲ್ಲಿ ಶುರುವಾದ ರೈಲ್ ಬ್ಯಾಂಡ್, ಗಿಟಾರ್ ಮತ್ತು ಸ್ಯಾಕ್ಸೊಫೋನ್ ಹಿಡಿದು ಸುಂಜಾತನ ವನವಾಸವನ್ನು ಹಾಡಿದಾಗ ಹಳೆಯ ಕಥೆಗೆ ಹೊಸ ಕಾಲದ ಕೇಳುಗರು ಸಿಕ್ಕರು.

ಸುಮವೊರೊನದು ಎನ್ನಲಾಗುವ ಆ ಬಲಫೋನ್ ಇಂದಿಗೂ ಇದೆ. ಗಿನಿಯ ನಿಯಾಗಸ್ಸೊಲಾ ಎಂಬ ಊರಿನಲ್ಲಿ ಬಲ್ಲಾ ಫಸ್ಸೆಕೆಯ ವಂಶದ ಕುಯಾತೆಗಳು ಅದನ್ನು ಕಾಯುತ್ತಿದ್ದಾರೆ. ಮನೆತನದ ಹಿರಿಯರು ಅದನ್ನು ಇಸ್ಲಾಮೀ ಹೊಸವರ್ಷ, ಹಿರಿಯರ ಅಂತ್ಯಸಂಸ್ಕಾರ ಮುಂತಾದ ಸಂದರ್ಭಗಳಲ್ಲಷ್ಟೇ ನುಡಿಸುತ್ತಾರೆ. ಎಳೆಯರಿಗೆ ಕಲಿಸುವುದು ಬೇರೆ ಬಲಫೋನ್‌ಗಳಲ್ಲಿ. ಯುನೆಸ್ಕೊ 2001ರಲ್ಲಿ ಈ ಪರಂಪರೆಯನ್ನು ಗೌರವಿಸಿದಾಗ ಒಂದು ಆತಂಕವನ್ನೂ ಹೇಳಿತ್ತು: ಯುವಕರು ಕೆಲಸ ಹುಡುಕಿ ಊರು ಬಿಡುತ್ತಿದ್ದಾರೆ, ಕಲಿಯುವವರು ಕಡಿಮೆಯಾಗುತ್ತಿದ್ದಾರೆ. ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಬಹುದು. ಅದರ ಜೊತೆಗಿರುವ ಕಥೆ ಉಳಿಯಬೇಕಾದರೆ ಹಿರಿಯರ ಮುಂದೆ ಕುಳಿತು ಕೇಳುವ ಒಬ್ಬ ಹುಡುಗನೋ ಹುಡುಗಿಯೋ ಬೇಕು.