ಹೊಲದ ಚಿತ್ರಗಾರನಾದ ಮಿಲೇ

ಫ್ರಾನ್ಸ್ ದೇಶದ ನಾರ್ಮಂಡಿ ಸೀಮೆಯ ಗ್ರುಷಿ ಎಂಬ ಹಳ್ಳಿಯಲ್ಲಿ, 1814ರಲ್ಲಿ, ಒಬ್ಬ ರೈತನಿಗೆ ಜಾನ್ ಫ್ರಾಂಸ್ವಾ ಮಿಲೇ ಎಂಬ ಮಗನು ಹುಟ್ಟಿದನು. ಅವನು ತಂದೆಯ ಸಂಗಡ ಹೊಲದಲ್ಲಿ ದುಡಿದನು. ಭಕ್ತಿಯುಳ್ಳ ಅಜ್ಜಿಯ ಆರೈಕೆಯಲ್ಲಿ ಬೆಳೆದನು. ಹೊಲವೂ ಸತ್ಯವೇದವೂ ಕಡೆಯ ವರೆಗೆ ಅವನ ಕಲೆಗೆ ಬುಗ್ಗೆಗಳಾಗಿದ್ದವು.

ಪಾರೀಸಿನಲ್ಲಿ ಕೆಲವು ಕಾಲ ಕೊಳ್ಳುವವರ ಮೆಚ್ಚಿಕೆಗಾಗಿ ಚಿತ್ರ ಬರೆದು ಬದುಕಿದನು. 1849ರಲ್ಲಿ ಅದನ್ನು ಬಿಟ್ಟು, ಹೆಂಡತಿ ಮಕ್ಕಳೊಡನೆ ಬಾರ್ಬಿಜೋನ್ ಎಂಬ ಹಳ್ಳಿಯಲ್ಲಿ ನೆಲಸಿದನು. ಅಲ್ಲಿ ಹೊತ್ತಾರೆ ತೋಟದಲ್ಲಿ ಅಗೆದು ಬಿತ್ತುವನು. ಆಮೇಲೆ ಚಿತ್ರಕ್ಕೆ ಕೂಡ್ರುವನು. ಬಿಡುವಾದಾಗ ಹೊಲಗಳಲ್ಲಿಯೂ ಅಡವಿಯಲ್ಲಿಯೂ ತಿರುಗಾಡುವನು. ಬಿತ್ತುವವನ ಕೈ ಬೀಸುವ ರೀತಿಯನ್ನೂ ಹೊರೆ ಹೊತ್ತವಳ ಬೆನ್ನು ಬಾಗುವ ರೀತಿಯನ್ನೂ ಕಂಡು ಮನಸ್ಸಿನಲ್ಲಿಟ್ಟುಕೊಂಡು, ಮನೆಯಲ್ಲಿ ಹೆಚ್ಚಾಗಿ ನೆನಪಿನಿಂದಲೇ ಬರೆಯುವನು. ರೂತಳ ಚರಿತ್ರೆಯಲ್ಲಿ ಬರುವ ಕೊಯ್ಲುಗಾರರಿಗೂ ತನ್ನ ಕಾಲದ ರೈತರ ರೂಪವನ್ನೇ ಕೊಟ್ಟನು.

1857ರಲ್ಲಿ, ಕೊಯ್ದ ಹೊಲದಲ್ಲಿ ಹಕ್ಕಲಾಯುವ ಮೂವರು ಹೆಂಗಸರ ಚಿತ್ರವನ್ನು ಪಾರೀಸಿನಲ್ಲಿ ತೋರಿಸಿದಾಗ ಅನೇಕರು ಜರೆದರು. ಬಡವರಿಗೆ ಇಷ್ಟು ಘನತೆ ಸಲ್ಲುವದು ಅವರಿಗೆ ಸರಿಬೀಳಲಿಲ್ಲ. 9 ಮಕ್ಕಳ ತಂದೆಯಾದ ಮಿಲೇಗೆ ಸಾಲದ ಬಾಧೆ ಬಹಳವಾಗಿದ್ದರೂ ಅವನು ರೈತರ ಚಿತ್ರಗಳನ್ನು ಬಿಡಲಿಲ್ಲ. ಸಂಜೆಯ ಗಂಟೆ ಕೇಳಿದೊಡನೆ ಕೆಲಸ ನಿಲ್ಲಿಸಿ ಪ್ರಾರ್ಥಿಸುವಂತೆ ಅಜ್ಜಿ ಕಲಿಸಿದ್ದನ್ನು ನೆನೆದು, ಹೊಲದಲ್ಲಿ ತಲೆಬಾಗಿ ನಿಂತ ಇಬ್ಬರ ಚಿತ್ರವನ್ನು ಬರೆದನು.

1875ರ ಜನವರಿ 20ರಂದು ಅವನು ತೀರಿಕೊಂಡನು. ಅಲ್ಪ ಬೆಲೆಗೆ ಹೋಗಿದ್ದ ಆ ಪ್ರಾರ್ಥನೆಯ ಚಿತ್ರವು 1889ರಲ್ಲಿ 5,53,000 ಫ್ರಾಂಕುಗಳಿಗೆ ಮಾರಾಟವಾಯಿತು. ಪ್ರಿಯ ವಾಚಕರೇ, ಲೋಕವು ಅಷ್ಟು ಬೆಲೆ ಕೊಟ್ಟದ್ದು ಅರಸರ ರೂಪಕ್ಕಲ್ಲ, ನಮ್ಮಂತೆ ಮಣ್ಣಿನಲ್ಲಿ ದುಡಿದವರ ರೂಪಕ್ಕೇ.