ಬ್ರಿಸ್ಟಲಿನ ಜಾರ್ಜ್ ಮುಲ್ಲರರೂ ನೆರೆಹೊರೆಯವರ ಪಾತ್ರೆಗಳೂ

ಇಂಗ್ಲೆಂಡು ದೇಶದ ಬ್ರಿಸ್ಟಲ್ ಪಟ್ಟಣದಲ್ಲಿ ಅನಾಥಶಾಲೆಗಳನ್ನು ಸ್ಥಾಪಿಸಿದ ಜಾರ್ಜ್ ಮುಲ್ಲರರ ಹೆಸರನ್ನು ನಮ್ಮ ಸಭೆಗಳಲ್ಲಿ ಅನೇಕರು ಕೇಳಿರುವರು. ಅವರು ಕಟ್ಟಿಸಿದ ಐದು ದೊಡ್ಡ ಮನೆಗಳನ್ನೂ ಅವುಗಳಲ್ಲಿ ಬೆಳೆದ ಹತ್ತು ಸಾವಿರ ಮಕ್ಕಳನ್ನೂ ಕುರಿತು ಬೋಧಕರು ಹೇಳುವದುಂಟು. ಇದನ್ನು ಕೇಳಿದ ಹಳ್ಳಿಯವರು, ಇವೆಲ್ಲಾ ಧನವಂತರ ದೇಶದಲ್ಲಿ ನಡೆಯುವ ಕಾರ್ಯಗಳು, ಕೂಲಿಮಾಡಿ ಉಣ್ಣುವ ನಮಗೂ ಇದಕ್ಕೂ ಏನು ಸಂಬಂಧವೆಂದು ನೆನಸುವದು ಸಹಜವೇ. ಆದರೆ ಆ ಕಾರ್ಯವು ಪ್ರಾರಂಭವಾದದ್ದು ಧನವಂತರ ಪೆಟ್ಟಿಗೆಯಿಂದ ಮಾತ್ರವಲ್ಲ. ನೆರೆಹೊರೆಯವರ ಅಡಿಗೆಮನೆಯಿಂದ ಬಂದ ಬಸಿ, ಬಟ್ಟಲು, ಲೋಟ, ಕಂಬಳಿಗಳಿಂದಲೂ ಅದು ಪ್ರಾರಂಭವಾಯಿತು. ಆದಕಾರಣ ಅವರ ಚರಿತ್ರೆಯನ್ನು ಈ ಭಾಗಕ್ಕೆ ಹೆಚ್ಚು ಗಮನಕೊಟ್ಟು ಇಲ್ಲಿ ವಿವರಿಸುತ್ತೇವೆ.

ಮುಲ್ಲರರು 1805ನೆಯ ಇಸವಿ ಸಪ್ಟಂಬರ್ 27ರಲ್ಲಿ ಜರ್ಮನಿಯ ಪ್ರಷ್ಯ ರಾಜ್ಯದ ಕ್ರೋಪನ್‌ಸ್ಟೆಟ್ ಎಂಬ ಊರಲ್ಲಿ ಹುಟ್ಟಿದರು. ತಂದೆಯು ಸರಕಾರದ ತೆರಿಗೆ ವಸೂಲಿಮಾಡುವ ಅಧಿಕಾರಿಯಾಗಿದ್ದನು. ಮನೆಯಲ್ಲಿಟ್ಟ ಸರಕಾರದ ಹಣವನ್ನೇ ಹುಡುಗನು ಕದಿಯುತ್ತಿದ್ದನು. ಹದಿನಾಲ್ಕು ವರುಷ ಪ್ರಾಯದಲ್ಲಿ ತಾಯಿಯು ತೀರಿಹೋದ ರಾತ್ರಿ, ಆ ಸಂಗತಿಯನ್ನರಿಯದೆ, ಅವನು ಇಸ್ಪೀಟು ಆಡುತ್ತಿದ್ದನು. ಹದಿನಾರನೆಯ ವರುಷದಲ್ಲಿ ವಸತಿಗೃಹಗಳ ಬಾಕಿಯನ್ನು ತೀರಿಸದೆ ಓಡಿಹೋಗಲೆತ್ನಿಸಿ ಸೆರೆಮನೆಗೆ ಬಿದ್ದನು. ಮುಂದೆ ಲಕ್ಷಾಂತರ ರೂಪಾಯಿಗಳ ಧರ್ಮದ್ರವ್ಯವನ್ನು ಒಂದು ಕಾಸೂ ತಪ್ಪದಂತೆ ಲೆಕ್ಕವಿಟ್ಟವರು ಬಾಲ್ಯದಲ್ಲಿ ಇಂಥವರಾಗಿದ್ದರೆಂಬದನ್ನು ನಾವು ಮರೆಯಬಾರದು.

ತಂದೆಯ ಇಷ್ಟದಂತೆ ಅವರು ಪಾದ್ರಿಯಾಗುವದಕ್ಕೋಸ್ಕರ ಹಾಲೆ ಪಟ್ಟಣದ ವಿದ್ಯಾಪೀಠವನ್ನು ಸೇರಿದರು. 1825ರ ನವಂಬರಿನಲ್ಲಿ ಒಬ್ಬ ಸ್ನೇಹಿತನ ಸಂಗಡ ಒಂದು ಮನೆಯಲ್ಲಿ ಕೂಡಿದ್ದ ಪ್ರಾರ್ಥನಾಕೂಟಕ್ಕೆ ಹೋದರು. ಅಲ್ಲಿ ಸಾಮಾನ್ಯ ಜನರು ಮೊಣಕಾಲೂರಿ ಪ್ರಾರ್ಥಿಸುವದನ್ನು ನೋಡಿ ಅವರ ಮನಸ್ಸು ತಿರುಗಿತು. ಮರುವರುಷ ಅದೇ ಪಟ್ಟಣದ ಅನಾಥಶಾಲೆಯಲ್ಲಿ ಬಡ ವಿದ್ಯಾರ್ಥಿಗಳಿಗೆ ಧರ್ಮಾರ್ಥವಾಗಿ ಕೊಡುತ್ತಿದ್ದ ಕೋಣೆಯಲ್ಲಿ ಎರಡು ತಿಂಗಳು ವಾಸಿಸಿದರು. ಆ ಶಾಲೆಯನ್ನು ಸ್ಥಾಪಿಸಿದವರು ಆಗಸ್ಟ್ ಹೆರ್ಮನ್ ಫ್ರಾಂಕೆ ಎಂಬವರು. 1695ರಲ್ಲಿ ತಮ್ಮ ಮನೆಯ ಕಾಣಿಕೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಅಲ್ಪಹಣದಿಂದ ಬಡ ಮಕ್ಕಳಿಗೆ ಪಾಠ ಹೇಳಿಸಲು ತೊಡಗಿದವರು. 1706ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗರಿಗೆ ಬೆಂಬಲವಾಗಿ ನಿಂತವರೂ ಈ ಫ್ರಾಂಕೆಯವರೇ.

1829ರಲ್ಲಿ ಮುಲ್ಲರರು ಇಂಗ್ಲೆಂಡಿಗೆ ಬಂದರು. 1830ರಲ್ಲಿ ಮೇರಿ ಗ್ರೋವ್ಸ್ ಎಂಬ ಕನ್ಯೆಯನ್ನು ಮದುವೆಯಾದರು. ಈಕೆಯ ಅಣ್ಣನಾದ ಆಂತೋನಿ ನೋರಿಸ್ ಗ್ರೋವ್ಸರು 1836ರಲ್ಲಿ ಹಿಂದೂದೇಶಕ್ಕೆ ಬರುವಾಗ ಹೆರ್ಮನ್ ಗುಂಡರ್ಟರು ಅವರ ಸಂಗಡ ಬಂದರು. ಈ ಗುಂಡರ್ಟರೇ ತರುವಾಯ ಬಾಸೆಲ್ ಮಿಶನನ್ನು ಸೇರಿ ತಲಚೇರಿಯಲ್ಲಿ ಸೇವೆಮಾಡಿದರು. ಮದುವೆಯಾದ ತಿಂಗಳಲ್ಲೇ ಮುಲ್ಲರ್ ದಂಪತಿಗಳು ಸಭೆಯಿಂದ ಗೊತ್ತಾದ ಸಂಬಳವನ್ನು ಬಿಟ್ಟುಬಿಟ್ಟರು. ಆ ಕಾಲದಲ್ಲಿ ಆರಾಧನಾಲಯದ ಪೀಠಗಳಿಗೆ ಬಾಡಿಗೆ ತೆಗೆದುಕೊಂಡು ಬೋಧಕರಿಗೆ ಸಂಬಳ ಕೊಡುವ ಪದ್ಧತಿ ಇತ್ತು. ಇದರಿಂದ ಬಡವನು ಹಿಂದೆಯೂ ಧನವಂತನು ಮುಂದೆಯೂ ಕೂತುಕೊಳ್ಳಬೇಕಾಗುವದೆಂದು ಕಂಡು, ಮುಲ್ಲರರು ಅದನ್ನು ತೆಗೆದು, ಮನಸ್ಸುಳ್ಳವರು ಮನಸ್ಸುಬಂದಷ್ಟು ಹಾಕುವದಕ್ಕೆ ಒಂದು ಪೆಟ್ಟಿಗೆಯನ್ನಿಟ್ಟರು.

1832ರಲ್ಲಿ ಅವರು ಬ್ರಿಸ್ಟಲಿಗೆ ಬಂದರು. ಆ ವರುಷವೇ ವಾಂತಿಭೇದಿಯ ಜಾಡ್ಯವು ಆ ಪಟ್ಟಣದಲ್ಲಿ ಹಬ್ಬಿತು. ತಂದೆತಾಯಿಗಳಿಲ್ಲದ ಮಕ್ಕಳು ಬೀದಿಗಳಲ್ಲಿ ಅಲೆಯುತ್ತಿದ್ದರು. 1834ರಲ್ಲಿ ಆ ದೇಶದಲ್ಲಿ ಹುಟ್ಟಿದ ಹೊಸ ಕಾನೂನಿನ ಪ್ರಕಾರ ಗತಿಯಿಲ್ಲದವರನ್ನು ದುಡಿಮೆಮನೆಗಳಿಗೆ ಸೇರಿಸುತ್ತಿದ್ದರು. ಅಲ್ಲಿಯ ಜೀವನವು ಸೆರೆಮನೆಯ ಜೀವನಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಅನಾಥಶಾಲೆಗಳು ಕೆಲವು ಇದ್ದರೂ, ಚಂದಾದಾರರ ಮತಗಳನ್ನು ಸಂಪಾದಿಸಿದ ಮಗುವಿಗೆ ಮಾತ್ರ ಅವುಗಳಲ್ಲಿ ಸ್ಥಳ ಸಿಕ್ಕುತ್ತಿತ್ತು. ಕೇಳುವವರಿಲ್ಲದ ಮಗುವಿಗೆ ಮತಗಳನ್ನು ಕೂಡಿಸುವವರು ಯಾರು?

1835ರ ನವಂಬರಿನಲ್ಲಿ ಒಬ್ಬ ಸಹೋದರಿಯ ಮನೆಯಲ್ಲಿ ಫ್ರಾಂಕೆಯವರ ಚರಿತ್ರೆಯು ಮುಲ್ಲರರ ಕೈಗೆ ಸಿಕ್ಕಿತು. ಹಾಲೆಯಲ್ಲಿ ಕಂಡದ್ದು ಅವರ ನೆನಪಿಗೆ ಬಂತು. ದಶಂಬರ್ 5ರಲ್ಲಿ 81ನೆಯ ಕೀರ್ತನೆಯನ್ನು ಓದುತ್ತಿರುವಾಗ, ದೇವರಲ್ಲಿ ದೊಡ್ಡದನ್ನೇ ಬೇಡಿಕೊಳ್ಳಬೇಕೆಂಬ ಧೈರ್ಯವು ಅವರಿಗುಂಟಾಯಿತು. ಅವರು ಮೂರು ಸಂಗತಿಗಳಿಗಾಗಿ ಬೇಡಿಕೊಂಡರು: ಒಂದು ಮನೆ, ಒಂದು ಸಾವಿರ ಪೌಂಡು ಹಣ, ಮಕ್ಕಳನ್ನು ನೋಡಿಕೊಳ್ಳಲು ತಕ್ಕ ಜನರು. ಯಾವ ಮನುಷ್ಯನ ಮುಂದೆಯೂ ಹಣಕ್ಕಾಗಿ ಕೈಚಾಚುವದಿಲ್ಲವೆಂದು ನಿಶ್ಚಯಿಸಿಕೊಂಡರು.

ದಶಂಬರ್ 7ರಲ್ಲಿ ಮೊದಲನೆಯ ಕಾಣಿಕೆ ಬಂತು. ಅದು ಒಂದು ಶಿಲಿಂಗು ಮಾತ್ರ. 9ರಲ್ಲಿ ಮೊದಲನೆಯ ಮನೆಸಾಮಾನು ಬಂತು. ಅದು ಬಟ್ಟೆಗಳನ್ನಿಡುವ ಒಂದು ದೊಡ್ಡ ಕಪಾಟು. ಅದೇ ಸಾಯಂಕಾಲ ಸಭೆ ಕೂಡಿಸಿ ತಮ್ಮ ಆಲೋಚನೆಯನ್ನು ತಿಳಿಸಿದರು. ಆದರೆ ಬೇಕೆಂದೇ ಕಾಣಿಕೆ ಎತ್ತಿಸಲಿಲ್ಲ. ಮಾರಣೆಯ ದಿವಸ ಒಬ್ಬ ಗಂಡನೂ ಹೆಂಡತಿಯೂ ಪತ್ರ ಬರೆದು, ಸಂಬಳವಿಲ್ಲದೆ ಮಕ್ಕಳ ಸೇವೆಮಾಡುವದಕ್ಕೆ ತಮ್ಮನ್ನೂ, ಮಕ್ಕಳ ಉಪಯೋಗಕ್ಕೆ ತಮ್ಮ ಮನೆಯ ಸಾಮಾನುಗಳೆಲ್ಲವನ್ನೂ ಒಪ್ಪಿಸಿಕೊಟ್ಟರು. ಆ ಸಾಯಂಕಾಲವೇ ಒಬ್ಬ ಸಹೋದರನು ಹಲವರ ಮನೆಗಳಿಂದ ಕೂಡಿಸಿದ ಸಾಮಾನುಗಳನ್ನು ತಂದಿಟ್ಟನು. ಮುಲ್ಲರರು ಅವುಗಳನ್ನು ಒಂದೊಂದಾಗಿ ಎಣಿಸಿ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ: ಬಡಿಸುವ ಪಾತ್ರೆ 3, ಊಟದ ಬಸಿ 28, ಬೋಗುಣಿ 3, ಹೂಜಿ 1, ಲೋಟ 4, ಉಪ್ಪಿನ ಬಟ್ಟಲು 3, ತುರಿಯುವ ಸಾಧನ 1, ಚಾಕು 4, ಮುಳ್ಳುಚಮಚ 5.

ಈ ಪಟ್ಟಿಯನ್ನು ನಾವು ನಿಧಾನವಾಗಿ ಓದೋಣ. ಚಾಕುಗಳು ನಾಲ್ಕು, ಮುಳ್ಳುಚಮಚಗಳು ಐದು, ಜೋಡಿ ಸರಿಯಾಗಿಲ್ಲ. ಅಂಗಡಿಯಲ್ಲಿ ಕೊಂಡದ್ದಾಗಿದ್ದರೆ ಲೆಕ್ಕ ಸರಿಯಾಗಿರುತ್ತಿತ್ತು. ಇವು ಒಬ್ಬ ಗೃಹಿಣಿಯು ಎರಡು, ಇನ್ನೊಬ್ಬಳು ಒಂದು ಎಂಬಂತೆ ತಂತಮ್ಮ ಮನೆಗಳಿಂದ ತೆಗೆದುಕೊಟ್ಟ ಪದಾರ್ಥಗಳು. 12ರ ಬೆಳಿಗ್ಗೆ ಮುಲ್ಲರರು ದೇವರ ಸಹಾಯದ ಗುರುತಿಗಾಗಿ ಪ್ರಾರ್ಥಿಸುತ್ತಿರುವಾಗ, ಮತ್ತೊಬ್ಬ ಸಹೋದರನು ಮೂರು ಪಾತ್ರೆಗಳನ್ನೂ ಹನ್ನೆರಡು ಬಸಿಗಳನ್ನೂ ಒಂದು ಬೋಗುಣಿಯನ್ನೂ ಒಂದು ಕಂಬಳಿಯನ್ನೂ ತಂದನು. ಅದೇ ದಿನ ಯಾರಿಂದ ನಿರೀಕ್ಷೆಯಿರಲಿಲ್ಲವೋ ಅಂಥವರೊಬ್ಬರಿಂದ ಐವತ್ತು ಪೌಂಡು ಬಂತು. ಮುಲ್ಲರರ ಪುಸ್ತಕದಲ್ಲಿ ಕಂಬಳಿಗೂ ಐವತ್ತು ಪೌಂಡಿಗೂ ಒಂದೇ ಪುಟದಲ್ಲಿ ಸ್ಥಳ ದೊರೆಯಿತು.

ಆ ದಿವಸಗಳಲ್ಲಿ ಹೊಲಿಗೆಯಿಂದ ಜೀವಿಸುತ್ತಿದ್ದ ಒಬ್ಬ ಬಡ ಸಹೋದರಿಯು ನೂರು ಪೌಂಡುಗಳನ್ನು ಕೊಡುವದಕ್ಕೆ ಮುಂದೆಬಂದಳು. ಅವಳ ಶರೀರ ಬಲಹೀನವಾದದ್ದು. ವಾರಕ್ಕೆ ಕೆಲವೇ ಶಿಲಿಂಗುಗಳ ಸಂಪಾದನೆ. ಹಿರಿಯರ ಆಸ್ತಿಯಲ್ಲಿ ಅವಳಿಗೆ ಸ್ವಲ್ಪ ಹಣ ಬಂದಿತ್ತು. ಮೊದಲು ತಂದೆಯ ಸಾಲವನ್ನು ತೀರಿಸಿ, ತಾಯಿಗೆ ಪಾಲು ಕೊಟ್ಟು, ಬಳಿಕ ಇದನ್ನು ತಂದಿದ್ದಳು. ಮುಲ್ಲರರು ಅದನ್ನು ಕೂಡಲೇ ತೆಗೆದುಕೊಳ್ಳಲಿಲ್ಲ. ಅವಳು ಆವೇಶದಿಂದ ಕೊಟ್ಟು ಮುಂದೆ ದುಃಖಪಡಬಾರದೆಂದು, ಅವಳ ಸಂಗಡ ಮಾತಾಡಿ, ಆಕೆಯು ಎಲ್ಲವನ್ನೂ ಯೋಚಿಸಿದ್ದಾಳೆಂದು ದೃಢಪಡಿಸಿಕೊಂಡ ಮೇಲೆಯೇ ತೆಗೆದುಕೊಂಡರು. ಬಡವರ ಕಾಣಿಕೆಯನ್ನು ಸ್ವೀಕರಿಸುವವರಿಗೆ ಇದು ಒಳ್ಳೆಯ ಪಾಠವಾಗಿದೆ.

ವಿಲ್ಸನ್ ಬೀದಿಯ 6ನೆಯ ನಂಬ್ರದ ಮನೆಯನ್ನು ಮೂವತ್ತು ಹೆಣ್ಣುಮಕ್ಕಳಿಗಾಗಿ ಸಿದ್ಧಮಾಡಿದರು. ಅದು ಮುಲ್ಲರರು ತಾವೇ ವಾಸಿಸುತ್ತಿದ್ದ ಬಾಡಿಗೆಮನೆ. ಪಾತ್ರೆ, ಹಾಸಿಗೆ, ಸೇವಕರು ಎಲ್ಲಾ ಒದಗಿದವು. 1836ರ ಫೆಬ್ರವರಿ 3ರಲ್ಲಿ ಮಕ್ಕಳ ವಿಷಯವಾಗಿ ಅರ್ಜಿಗಳನ್ನು ತೆಗೆದುಕೊಳ್ಳಲು ಕುಳಿತರು. ಒಬ್ಬರೂ ಬರಲಿಲ್ಲ. ಮನೆಗೆ ಹಿಂತಿರುಗುವಾಗ ಅವರಿಗೆ ಒಂದು ಸಂಗತಿ ಹೊಳೆಯಿತು: ಮನೆಗಾಗಿಯೂ ಹಣಕ್ಕಾಗಿಯೂ ಸಾಮಾನುಗಳಿಗಾಗಿಯೂ ಪ್ರಾರ್ಥಿಸಿದ್ದರು, ಮಕ್ಕಳಿಗಾಗಿಯೇ ಪ್ರಾರ್ಥಿಸಿರಲಿಲ್ಲ. ಆ ರಾತ್ರಿ ಬಹಳವಾಗಿ ತಮ್ಮನ್ನು ತಗ್ಗಿಸಿಕೊಂಡು ಬೇಡಿಕೊಂಡರು. ಮರುದಿನವೇ ಮೊದಲನೆಯ ಅರ್ಜಿ ಬಂತು. ಏಪ್ರಿಲ್ 11ರಲ್ಲಿ ಮಕ್ಕಳು ಮನೆಗೆ ಸೇರಲಾರಂಭಿಸಿದರು. ಮೇ ತಿಂಗಳೊಳಗೆ 26 ಮಂದಿಯಾದರು. ಬೇಡಿಕೊಂಡ ಸಾವಿರ ಪೌಂಡೂ 1837ರ ಜೂನ್ 15ರಲ್ಲಿ ಪೂರ್ತಿಯಾಯಿತು.

ಆ ಬಳಿಕ ಅದೇ ಬೀದಿಯಲ್ಲಿ ಎಳೆಯ ಮಕ್ಕಳಿಗೂ ಗಂಡುಮಕ್ಕಳಿಗೂ ಮನೆಗಳನ್ನು ತೆರೆದರು. ಕೊರತೆಯ ದಿನಗಳೂ ಬಂದವು. 1838ರಲ್ಲಿ ಒಂದು ಹೊತ್ತಿನ ಊಟಕ್ಕೂ ಮತ್ತೊಂದು ಹೊತ್ತಿನ ಊಟಕ್ಕೂ ನಡುವೆ ಹಣವು ಬರುವಷ್ಟು ಇಕ್ಕಟ್ಟಾಯಿತು. ಆಗ ಶಾಲೆಯ ಸೇವಕರೇ ತಮಗೆ ಅಗತ್ಯವಲ್ಲದ ವಸ್ತುಗಳನ್ನು ಮಾರಿ ಸಹಾಯಮಾಡಿದರು. ಎಷ್ಟು ಕಷ್ಟವಾದರೂ ಸಾಲದಲ್ಲಿ ಏನನ್ನೂ ಕೊಳ್ಳಲಿಲ್ಲ. ಕೊಳ್ಳುವದಕ್ಕೆ ಹಣವಿಲ್ಲದ್ದನ್ನು ಇಲ್ಲದೆ ನಡಿಸಿಕೊಂಡರು. ಬಂದ ಪ್ರತಿಯೊಂದು ಕಾಣಿಕೆಯ ಲೆಕ್ಕವನ್ನೂ ವರುಷವರುಷವೂ ಅಚ್ಚುಹಾಕಿಸುತ್ತಿದ್ದರು. ಕೊಟ್ಟವರ ಹೆಸರು ಅದರಲ್ಲಿ ಇರಲಿಲ್ಲ. ಕೊಟ್ಟ ಪದಾರ್ಥವು ಇರುತ್ತಿತ್ತು.

ವರದಿಯನ್ನು ಅಚ್ಚುಹಾಕಿಸುವದೂ ಒಂದು ವಿಧವಾದ ಬೇಡಿಕೆಯಲ್ಲವೇ ಎಂದು ಕೆಲವರು ಆಕ್ಷೇಪಿಸುವದುಂಟು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವದಿಲ್ಲ. ಆದರೆ 1841ರ ದಶಂಬರಿನಲ್ಲಿ ನಡೆದದ್ದನ್ನು ತಿಳಿಯತಕ್ಕದ್ದು. ವರದಿ ಓದುವ ಸಮಯ ಬಂದಾಗ ಕೈಯಲ್ಲಿ ಹಣವು ತೀರಾ ಕಡಿಮೆಯಾಗಿತ್ತು. ಆಗ ವರದಿ ಓದಿದರೆ ಜನರು ಮರುಗಿ ಕೊಡುವರೆಂಬದು ಸ್ಪಷ್ಟ. ಹಾಗಿದ್ದರೂ ಮುಲ್ಲರರೂ ಜೊತೆಸೇವಕರೂ ವರದಿಯನ್ನೂ ಸಭೆಯನ್ನೂ ಮುಂದಕ್ಕೆ ಹಾಕಿ, ಕೆಲವು ತಿಂಗಳು ಬಹಳ ಕಷ್ಟದಲ್ಲಿ ಕಳೆದರು.

ನೆರೆಯವರೆಲ್ಲರೂ ಕೊಡುವವರೇ ಆಗಿರಲಿಲ್ಲ. 1845ರ ಅಕ್ಟೋಬರಿನಲ್ಲಿ ವಿಲ್ಸನ್ ಬೀದಿಯ ನಿವಾಸಿಯೊಬ್ಬನು, ಮಕ್ಕಳ ಮನೆಗಳಿಂದ ಸುತ್ತಲಿನವರಿಗೆ ತೊಂದರೆಯಾಗುತ್ತದೆಂದು ಮರ್ಯಾದೆಯಿಂದ ಪತ್ರ ಬರೆದನು. ಮುಲ್ಲರರು ಕೋಪಿಸಿಕೊಳ್ಳಲಿಲ್ಲ. ಶಾಂತವಾಗಿ ಯೋಚಿಸಿ, ದೂರು ನ್ಯಾಯವಾದದ್ದೆಂದು ಒಪ್ಪಿಕೊಂಡರು: ಆಡುವಾಗ ಮಕ್ಕಳು ಗದ್ದಲಮಾಡುವದು ನಿಜ, ಚರಂಡಿಗಳು ಅಷ್ಟು ಜನಕ್ಕೆ ಸಾಲದೆ ಹೋದದ್ದೂ ನಿಜ, ಮಕ್ಕಳಿಗೆ ಆಟದ ಬಯಲೂ ಒಳ್ಳೆಯ ಗಾಳಿಯೂ ಇಲ್ಲದಿರುವದೂ ನಿಜ. ಆ ದೂರಿನಿಂದಲೇ ದೊಡ್ಡ ಮನೆಯ ಆಲೋಚನೆ ಹುಟ್ಟಿತು. ಪಟ್ಟಣದ ಹೊರಗೆ ಆಶ್ಲಿ ಡೌನ್ ಎಂಬ ಗುಡ್ಡದಲ್ಲಿ ಸ್ಥಳ ಸಿಕ್ಕಿತು. ಒಡೆಯನು ಎಕ್ರೆಗೆ 200 ಪೌಂಡು ಕೇಳುವವನಾಗಿದ್ದನು. ಒಂದು ರಾತ್ರಿ ನಿದ್ದೆಬಾರದೆ ಹೊರಳಾಡಿ, ಅನಾಥಶಾಲೆಗೆ 120 ಪೌಂಡಿಗೇ ಕೊಡುವದಾಗಿ ಬೆಳಗಾಗುವಷ್ಟರಲ್ಲಿ ತೀರ್ಮಾನಿಸಿದನು. 1849ರಲ್ಲಿ 300 ಮಕ್ಕಳ ಮೊದಲನೆಯ ಮನೆಯೂ, 1857, 1862, 1868, 1870ರಲ್ಲಿ ಉಳಿದ ನಾಲ್ಕು ಮನೆಗಳೂ ತೆರೆಯಲ್ಪಟ್ಟವು. ಎಲ್ಲಾ ಕೂಡಿ 2,050 ಮಕ್ಕಳಿಗೆ ಸ್ಥಳವಾಯಿತು.

ಮುಲ್ಲರರು ಸುಮಾರು ಎಪ್ಪತ್ತು ವರುಷ ಪ್ರಾಯದಲ್ಲಿ ಲೋಕಸಂಚಾರಕ್ಕೆ ಹೊರಟು, ಹಿಂದೂದೇಶಕ್ಕೂ ಬಂದು ಸಾರಿದರು. 1898ರ ಮಾರ್ಚ್ 10ರಲ್ಲಿ, 92 ವರುಷದವರಾಗಿ, ಬ್ರಿಸ್ಟಲಿನಲ್ಲಿಯೇ ನಿದ್ರೆಹೋದರು. ಅವರ ಕೈಯಿಂದ ಸುಮಾರು ಹದಿನೈದು ಲಕ್ಷ ಪೌಂಡು ಧರ್ಮದ್ರವ್ಯವು ದಾಟಿಹೋಗಿತ್ತು. ಅವರ ಸ್ವಂತ ಆಸ್ತಿಯೋ ಇನ್ನೂರು ಪೌಂಡು ಬೆಲೆಯದೂ ಆಗಿರಲಿಲ್ಲ. 1958ರಲ್ಲಿ ಆ ದೊಡ್ಡ ಕಟ್ಟಡಗಳನ್ನು ಮಾರಿಬಿಟ್ಟರು. ಕಲ್ಲಿನ ಮನೆಗಳು ಬೇರೆಯವರ ಪಾಲಾದರೂ ಅವರ ದೃಷ್ಟಾಂತವು ನಿಂತಿದೆ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಮುಲ್ಲರರ ಚರಿತ್ರೆಯನ್ನು ಓದಿ, ಆ ದೇಶದಲ್ಲಿ ದೇವರನ್ನು ನಂಬಿದಂತೆ ಈ ದೇಶದಲ್ಲಿಯೂ ನಂಬಬಾರದೇಕೆಂದು ಯೋಚಿಸಿದರು. ಪುಣೆಯ ಹತ್ತಿರ ಕೇಡಗಾಂವದಲ್ಲಿ ಕ್ಷಾಮಪೀಡಿತರಾದ ಹೆಂಗಸರಿಗೂ ಮಕ್ಕಳಿಗೂ ಅವರು ಆಶ್ರಯಕೊಟ್ಟದ್ದನ್ನು ವಾಚಕರು ಬಲ್ಲರು.

ನಮ್ಮ ಊರುಗಳ ಸಮೀಪದಲ್ಲಿಯೂ ಮಕ್ಕಳ ವಸತಿಶಾಲೆಗಳುಂಟು; ನೆರೆ ಬಂದಾಗ, ಬೆಂಕಿ ಬಿದ್ದಾಗ ಕುಟುಂಬಗಳು ಬಂದು ತಂಗುವ ಛತ್ರಗಳುಂಟು. ಅಲ್ಲಿಗೆ ಏನಾದರೂ ಕೊಡಬೇಕೆಂದು ಮನಸ್ಸಾದಾಗ ಮೂರು ಸಂಗತಿಗಳನ್ನು ನೆನಸೋಣ. ಮೊದಲನೆಯದಾಗಿ, ನಾವು ಉಣ್ಣಲೊಲ್ಲದ ಬಿರಿದ ಬಸಿಯನ್ನಲ್ಲ, ಉಣ್ಣುವ ಬಸಿಯನ್ನು ಕೊಡೋಣ. ಹರಿದ ಕಂಬಳಿಯನ್ನು ದಾನವೆಂದು ಕರೆಯಬಾರದು. ಎರಡನೆಯದಾಗಿ, ಅಲ್ಲಿರುವವರಿಗೆ ಏನು ಬೇಕೆಂದು ಮೊದಲು ವಿಚಾರಿಸೋಣ. ಪಾತ್ರೆಗಳ ಚಿಂತೆಯಲ್ಲಿ ಮಕ್ಕಳನ್ನು ಮರೆತೇವು. ಮೂರನೆಯದಾಗಿ, ತೆಗೆದುಕೊಳ್ಳುವ ಹಿರಿಯರು ಒಂದು ಲೋಟವನ್ನಾದರೂ ಪುಸ್ತಕದಲ್ಲಿ ಬರೆದಿಡಲಿ, ಕೊಟ್ಟವರ ಹೆಸರನ್ನು ಸಭೆಯಲ್ಲಿ ಕೂಗದಿರಲಿ. ಇಪ್ಪತ್ತೆಂಟು ಬಸಿಗಳನ್ನು ಕೊಟ್ಟ ಮನೆಗಳ ಹೆಸರುಗಳು ನಮಗೆ ಗೊತ್ತಿಲ್ಲ. ಬಡ ವಿಧವೆಯ ಎರಡು ಕಾಸುಗಳನ್ನು ನೋಡಿದ ಕರ್ತನಿಗೆ ಅವು ಗೊತ್ತಿವೆ, ಅಷ್ಟು ಸಾಕು.