ಕೊಲ್ಲದ ಕೋವಿ
ಮೀನಿಗೆರಗುವ ಕಡಲಹಕ್ಕಿಯನ್ನು ಮುಂಬಯಿಯ ವಾಚಕರು ಕಂಡಿರಬಹುದು. ಅದರ ರೆಕ್ಕೆಯ ಚಲನೆಯನ್ನು ಬಿಡಿಸಿ ನೋಡಲು ಮಾತ್ರ ಬರಿಗಣ್ಣಿಗೆ ಅಸಾಧ್ಯ. ಆ ರಹಸ್ಯವನ್ನು ಅರಸಿದವರು ಫ್ರಾನ್ಸ್ ದೇಶದ ವೈದ್ಯ ಎತಿಯೆನ್ ಜೂಲ್ ಮಾರೆ. ಜನನ 1830ರಲ್ಲಿ, ಬೋನ್ ಎಂಬ ಪಟ್ಟಣದಲ್ಲಿ. ಮೊದಲು ಅವರು ಹಕ್ಕಿಗಳ ಮೈಗೆ ಉಪಕರಣ ಕಟ್ಟಿ ಹಾರಿಸಿದರು. ಹೊರೆ ಹೊತ್ತ ಹಕ್ಕಿ ಸಹಜವಾಗಿ ಹಾರೀತೆ? ನಮಗಂತೂ ಸಂದೇಹ. 1882ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಅವರು ಕೋವಿಯಾಕಾರದ ಕ್ಯಾಮರಾ ಹಿಡಿದು ಹಾರುವ ಕಡಲಹಕ್ಕಿಗಳತ್ತ ಗುರಿಯಿಟ್ಟರು. ಕುದುರೆಯೊತ್ತಿದರೆ ಗುಂಡು ಹಾರದು. ಒಳಗೆ ತಿರುಗುವ ಗಾಜಿನ ಫಲಕದ ಮೇಲೆ ಸೆಕೆಂಡಿಗೆ 12 ಚಿತ್ರಗಳು ಮೂಡುವುವು. ಒಂದು ಹಕ್ಕಿಯೂ ಬೀಳದುದನ್ನು ಕಂಡ ಊರವರು ಅವರನ್ನು ಮರುಳನೆಂದರಂತೆ. ಅವರು ಗುರಿ ಬದಲಿಸಲಿಲ್ಲ. ಚಲನಚಿತ್ರದ ಮೂಲಪುರುಷರಲ್ಲೊಬ್ಬರೆನಿಸಿ 1904ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.